ಜಗಲಿಯ ಮೇಲಿನ ಜಪಾನಿ ಕ್ಯಾಸೆಟ್ಟು

ನಮ್ಮ ಮನೆಯಲ್ಲಿ ಯಾರು ಯಾವ ಪದ ಹಾಡಬಹುದು, ಯಾವುದನ್ನು ಹಾಡಬಾರದು ಎನ್ನುವುದಕ್ಕೆ ಕಾಯಿದೆ ಇತ್ತು. ಬರೆದಿಟ್ಟ ಕಾಯಿದೆಯಲ್ಲ, ಅಪ್ಪನ ತಾಯಿ, ನಮ್ಮ ಆಯಿ, ಬಾಯಲ್ಲಿ ಇಟ್ಟುಕೊಂಡಿದ್ದ ಕಾಯಿದೆ. ಭಜನೆ, ತತ್ವಪದ ಯಾರು ಬೇಕಾದರೂ ಹಾಡಬಹುದು, ಆದರೆ ಕಾಲು ಚಾಚಿ ಕೂತು ಹಾಡಬಾರದು. ಸಿನಿಮಾ ಹಾಡಿಗೆ ಬಚ್ಚಲುಮನೆಯೇ ಗತಿ, ಅದೂ ನೀರು ಸುರಿದುಕೊಳ್ಳುವ ಸದ್ದಿಗಿಂತ ಮೇಲೆ ದನಿ ಬರಕೂಡದು. ಇನ್ನು ಸೋಬಾನ ಪದ. ಮದುವೆ, ಸೀಮಂತ, ತೊಟ್ಟಿಲ ಹೊತ್ತಿನಲ್ಲಿ ಹೆಂಗಸರು ಎರಡು ಗುಂಪಾಗಿ ಕೂತು, ಒಂದು ಗುಂಪು ಸಾಲು ಎತ್ತಿದರೆ ಇನ್ನೊಂದು ಗುಂಪು ಅದನ್ನೇ ಹಿಂದೆ ಹೇಳುವ ಆ ಪದ ಮುತ್ತೈದೆಯರಿಗೆ ಮಾತ್ರ. ಗಂಡ ತೀರಿಕೊಂಡ ಹೆಂಗಸು ಅದನ್ನು ಎತ್ತುವಂತಿಲ್ಲ, ಹಿಂದೆ ಹೇಳುವಂತೆಯೂ ಇಲ್ಲ. ಆಯಿ ತಾನೂ ಗಂಡನನ್ನು ಕಳೆದುಕೊಂಡವಳಾದ್ದರಿಂದ ಈ ಕಾಯಿದೆಯನ್ನು ಮೊದಲು ತನ್ನ ಮೇಲೆಯೇ ಹೇರಿಕೊಂಡಿದ್ದಳು. ಹಾಗಾಗಿ ಅವಳ ಜೊತೆ ವಾದಕ್ಕೆ ನಿಲ್ಲುವುದು ಯಾರಿಗೂ ಆಗುತ್ತಿರಲಿಲ್ಲ.

ಆದರೆ ಆ ಕಾಯಿದೆ ನಿಜವಾಗಿ ಕಟ್ಟಿಹಾಕಿದ್ದು ನೀಲತ್ತಿಯನ್ನು. ನೀಲತ್ತಿ ಅಪ್ಪನ ತಂಗಿ. ಹೊಳೆಯ ದಂಡೆಯ ಐರಣಿಗೆ ಕೊಟ್ಟಿದ್ದರು. ಮದುವೆಯಾದ ಎರಡು ವರ್ಷಕ್ಕೆ ಗಂಡ ಜ್ವರದಲ್ಲಿ ಹೋದ. ಅವಳು ಒಂದು ಟ್ರಂಕು ಹಿಡಿದು ರಾಣೆಬೆನ್ನೂರಿನ ನಮ್ಮ ಮನೆಗೆ ವಾಪಸು ಬಂದಳು. ನನಗೆ ಆಗ ಮೂರು ವರ್ಷವಂತೆ. ಅದಕ್ಕೂ ಮೊದಲು ಸುತ್ತಿನ ಊರುಗಳಲ್ಲಿ ಮದುವೆ ಎಂದರೆ ಪದ ಎತ್ತಲು ಇವಳನ್ನೇ ಕರೆಯುತ್ತಿದ್ದರೆಂದೂ, ಇವಳು ದನಿ ಎತ್ತಿದರೆ ಹಂದರದ ಆಚೆ ಎಲೆಅಡಿಕೆ ಹಾಕುತ್ತಿದ್ದ ಗಂಡಸರು ಮಾತು ನಿಲ್ಲಿಸುತ್ತಿದ್ದರೆಂದೂ ಅವ್ವ ಹೇಳುತ್ತಿದ್ದಳು. ನಾನು ನಂಬುತ್ತಿರಲಿಲ್ಲ. ನಾನು ಕಂಡ ನೀಲತ್ತಿ ಮನೆಯಲ್ಲಿ ಯಾವ ಶುಭಕಾರ್ಯ ನಡೆದರೂ ಪಡಸಾಲೆಗೂ ನಡುಮನೆಗೂ ಇದ್ದ ಬಾಗಿಲಲ್ಲಿ, ಹೊಸ್ತಿಲಿನ ಒಳಗೆ ನಿಂತು, ಬೇಕಾದ್ದನ್ನು ಕೈಗೆ ಕೊಡುತ್ತಿದ್ದವಳು. ಭಜನೆಯನ್ನಾದರೂ ಹಾಡು ಎಂದರೆ, ‘ಅದು ನನ್ನ ಬಾಯಿಗೆ ಹತ್ತೂದಿಲ್ಲ’ ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಅದು ನೀಲತ್ತಿ ಮಾಡಿದ್ದು ಎಂದು ಅಕ್ಕ ನಗುತ್ತಿದ್ದಳು. ಅಕ್ಕನಿಗೆ ಅವಳೆಂದರೆ ಪ್ರಾಣ, ನಗುವುದೂ ಅದೇ ಸಲಿಗೆಯಿಂದ.

ಅಪ್ಪ ತರಕಾರಿ ಬೀಜದ ಕಂಪನಿಯೊಂದಕ್ಕೆ ಬೀಜ ಬೆಳೆದು ಕೊಡುತ್ತಿದ್ದ. ರಾಣೆಬೆನ್ನೂರಿನ ಸುತ್ತ ಈ ಕೆಲಸ ಗೊತ್ತಿಲ್ಲದ ಮನೆ ಕಡಿಮೆ. ಸಂಜೆ ಟೊಮ್ಯಾಟೊ ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಅದರೊಳಗಿನ ಗಂಡು ಭಾಗವನ್ನು ತೆಗೆದು ಗುರುತಿಗೆ ದಾರ ಕಟ್ಟುವುದು. ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲು ಬೇರೆ ಜಾತಿಯ ಗಿಡದ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸುವುದು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಗಂಡಸರ ಬೆರಳಿಗೆ ಬಗ್ಗುವ ಕೆಲಸವಲ್ಲ. ಮೋಟೆಬೆನ್ನೂರಿನ ರಸ್ತೆಯ ನಮ್ಮ ಹೊಲದಲ್ಲಿ ಇಪ್ಪತ್ತು ಹೆಂಗಸರು ಈ ಕೆಲಸಕ್ಕೆ ಬರುತ್ತಿದ್ದರು, ನೀಲತ್ತಿ ಅವರಿಗೆ ಹಿರಿಯಳು. ಅಲ್ಲಿ ಅವಳು ಬೇರೆಯೇ ಹೆಂಗಸು. ಯಾರ ಮೊಗ್ಗು ಮುರಿಯಿತು, ಯಾರು ದಾರ ಕಟ್ಟದೆ ಬಿಟ್ಟರು ಎಂದು ನಾಲ್ಕು ಸಾಲು ಆಚೆಯಿಂದ ಹೇಳುತ್ತಿದ್ದಳು. ಇಂಥವಳು ಮನೆಗೆ ಬಂದರೆ ಹೊಸ್ತಿಲಿನ ಒಳಗೆ ಯಾಕೆ ನಿಲ್ಲುತ್ತಾಳೆ ಎನ್ನುವುದು ನನ್ನ ಬಾಲ್ಯದ ಮೊದಲ ಗೊಂದಲ.

ಆ ಬೀಜ ಕೊಳ್ಳುವವರು ಜಪಾನಿನವರು. ಒಮ್ಮೆ ಅಲ್ಲಿಂದ ಒಬ್ಬ ತರುಣ ಬೆಳೆ ನೋಡಲು ಬಂದ. ನಾಲ್ಕು ದಿನ ನಮ್ಮ ಮನೆಯಲ್ಲೇ ಉಂಡ. ಅವ್ವ ಹಾಕಿದ ಕೆಂಪು ಚಟ್ನಿ ನೋಡಿ ಗಾಬರಿಯಾದ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಇರುವಷ್ಟು ಖಾರ ಇರುವುದಿಲ್ಲ ಎಂದು ಅಪ್ಪ ಕೈಸನ್ನೆಯಲ್ಲಿ ಹೇಳಲು ಹೋಗಿ ಅವನನ್ನು ಇನ್ನಷ್ಟು ಹೆದರಿಸಿದ. ಕೊನೆಗೆ ಬೆರಳ ತುದಿಯಲ್ಲಿ ನೆಕ್ಕಿ ನೋಡಿದವನು ಮೂರು ರೊಟ್ಟಿ ಉಂಡು ಎದ್ದ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬರಿಗಾಲಲ್ಲಿ ನಮ್ಮ ಕಟ್ಟೆಯ ಮೇಲೆ ಕೂತು, ಕಿವಿಗೆ ಅದೇನೋ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದ. ಅವನು ಹೋದ ಮೇಲೆ, ಹೊಲಕ್ಕೆ ಓಡಾಡುತ್ತಿದ್ದ ಕಂಪನಿಯ ಜೀಪಿನಲ್ಲಿ ಅವನ ಕ್ಯಾಸೆಟ್ಟು ಸಿಕ್ಕಿತು. ಮೇಲೆ ಒಬ್ಬ ಹೆಂಗಸಿನ ಚಿತ್ರ: ಗಂಡಸರಂತೆ ಕತ್ತರಿಸಿದ ಕೂದಲು, ಎದೆಗೆ ಒತ್ತಿ ಹಿಡಿದ ಗಿಟಾರು, ಅಗಲವಾಗಿ ತೆರೆದ ಬಾಯಿ. ಮುಂದಿನ ಸಲ ಬಂದಾಗ ಕೊಟ್ಟರಾಯಿತು ಎಂದು ಅಪ್ಪ ಮನೆಗೆ ತಂದ. ಇದು ಯಾವ ಹಾಡು ಎನ್ನುವ ಪ್ರಶ್ನೆ ಅಂದೇ ಊಟದ ಹೊತ್ತಿಗೆ ಎದ್ದಿತು, ಯಾಕೆಂದರೆ ನಮ್ಮಲ್ಲಿ ಅದು ತೀರ್ಮಾನವಾಗದೆ ಟೇಪು ಹಚ್ಚುವಂತಿರಲಿಲ್ಲ.

‘ದೇವರ ಪದ ಇರಬೇಕು,’ ಎಂದಳು ಆಯಿ. ‘ಜಳಕಾ ಮಾಡಿ, ಕಣ್ಣು ಮುಚ್ಚಿ ಕೇಳ್ಯಾನ. ಸಿನಿಮಾ ಹಾಡು ಯಾರರ ಹಂಗ ಕೇಳತಾರೇನು?’

‘ಚಿತ್ರ ನೋಡಬೇ. ಗಿಟಾರ ಹಿಡದಾಳ,’ ಎಂದ ಅಪ್ಪ.

‘ಸರಸ್ವತಿ ವೀಣಿ ಹಿಡದಿಲ್ಲೇನು?’

‘ಕೂದಲಾ ಕತ್ತರಿಸ್ಯಾಳ.’

‘ಹರಕಿ ಇರತೈತಿ. ಅವರ ದೇವರಿಗೆ ಕೂದಲಾ ಕೊಟ್ಟಿರಬೇಕು. ನಮ್ಮಾಗ ಕೊಡೂದಿಲ್ಲೇನು?’

ಅಪ್ಪ ರೊಟ್ಟಿ ಮುರಿದುಕೊಂಡ. ಟೇಪು ಹಚ್ಚಿದರು. ಮೊದಲಿಗೆ ಡ್ರಮ್ಮಿನ ಏಟು ಬಿತ್ತು, ಆಮೇಲೆ ಆ ಹೆಂಗಸು ಗಂಟಲು ಹರಿಯುವಂತೆ ಕೂಗಿದಳು. ಅವ್ವನ ಕೈಯ ಸೌಟು ಅಲ್ಲೇ ನಿಂತಿತು. ಎಲ್ಲರೂ ಆಯಿಯನ್ನು ನೋಡಿದೆವು. ಆಯಿ ‘ಮೈಯಾಗ ಬಂದೈತಿ’ ಎಂದಳು. ಅಲ್ಲಿಗೆ ಆಯಿತು. ಮೈಯಲ್ಲಿ ದೇವರು ಬಂದವರ ದನಿಗೆ ಯಾರೂ ಹೆಸರಿಡುವುದಿಲ್ಲ. ಕ್ಯಾಸೆಟ್ಟು ದೇವರ ಜಗಲಿಯ ಮೇಲೆ, ವಿಭೂತಿಯ ಗಟ್ಟಿಯ ಪಕ್ಕದಲ್ಲಿ ಕೂತಿತು. ಸೋಮವಾರ ಬೆಳಿಗ್ಗೆ ನಮ್ಮ ವಚನದ ಕ್ಯಾಸೆಟ್ಟು ಮುಗಿದ ಮೇಲೆ ಅದನ್ನೂ ಹಚ್ಚುತ್ತಿದ್ದರು. ಪೂಜೆಗೆ ಕೂತ ಆಯಿ ಆ ಕೂಗಿಗೆ ಪ್ರತಿಸಲವೂ ಒಮ್ಮೆ ಬೆಚ್ಚಿ, ಕೈಮುಗಿದು, ಮುಂದುವರಿಯುತ್ತಿದ್ದಳು.

ಆರು ಹಾಡುಗಳಿದ್ದವು. ಟೇಪು ಹೊಲಕ್ಕೂ ಬರತೊಡಗಿತು, ಸೆಲ್ಲು ಹಾಕಿ ಬೇವಿನ ಗಿಡಕ್ಕೆ ತೂಗುಹಾಕುತ್ತಿದ್ದರು. ಹೆಂಗಸರು ಮೊದಮೊದಲು ಸೆರಗು ಬಾಯಿಗೆ ಒತ್ತಿ ನಕ್ಕರು. ವಾರದೊಳಗೆ ಕೈ ಆ ತಾಳಕ್ಕೆ ಬಿದ್ದಿತು. ಎರಡನೆಯ ಹಾಡಿನ ಓಟಕ್ಕೆ ಚಿಮಟ ಜೋರಾಗಿ ಮೊಗ್ಗೇ ಕಿತ್ತು ಬರುತ್ತಿದ್ದರಿಂದ, ಅದನ್ನು ದಾರ ಕಟ್ಟುವಾಗ ಮಾತ್ರ ಹಚ್ಚಬೇಕೆಂದು ನೀಲತ್ತಿ ನಿಯಮ ಮಾಡಿದಳು. ಮೂರನೆಯ ಹಾಡು ಅವಳದೇ ಆಗಿಹೋಯಿತು. ಅದು ಕುಣಿಯುವಂಥ ಹಾಡು, ನಡುವೆ ಆ ಹೆಂಗಸು ನಕ್ಕಂತೆ ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೋಗುವ ಮುಂಚೆ ಬುತ್ತಿ ಕೊಡಲು ಹೊಲಕ್ಕೆ ಹೋದಾಗ ಟೇಪಿನಿಂದ ಎರಡು ದನಿ ಬರುತ್ತಿವೆ ಎನಿಸಿತು. ಒಂದು ಟೇಪಿನದು. ಇನ್ನೊಂದು ಗಿಡಗಳ ಸಾಲಿನಿಂದ ಬರುತ್ತಿತ್ತು. ಹೆಂಗಸರೆಲ್ಲ ತಲೆ ಎತ್ತದೆ ಕೆಲಸ ಮಾಡುತ್ತಿದ್ದರು, ತಲೆ ಎತ್ತಿದರೆ ನೀಲತ್ತಿ ನಿಲ್ಲಿಸಿಬಿಡುತ್ತಾಳೆ ಎನ್ನುವ ಭಯ ಅವರಿಗೆ. ನಾನು ಬುತ್ತಿ ಹಿಡಿದು ನಿಂತೇ ಇದ್ದೆ. ಅವ್ವ ಹೇಳಿದ್ದು ಸುಳ್ಳಲ್ಲ ಎಂದು ಆ ಬೆಳಿಗ್ಗೆ ನನಗೆ ಗೊತ್ತಾಯಿತು.

ಅಂದಿನಿಂದ ಮನೆಯಲ್ಲೂ ಹಾಡತೊಡಗಿದಳು. ದೇವರ ಪದವಾದ್ದರಿಂದ ಆಯಿ ತಡೆಯಲಿಲ್ಲ. ಅರ್ಥ ಗೊತ್ತಿಲ್ಲದ ಆ ಮಾತುಗಳನ್ನು ಕ್ಯಾಲೆಂಡರಿನ ಹಿಂಬದಿಗೆ ಕನ್ನಡದಲ್ಲಿ ಬರೆದುಕೊಂಡು, ರೊಟ್ಟಿ ತಟ್ಟುತ್ತ ಬಾಯಿಪಾಠ ಮಾಡಿದಳು. ನನಗೂ ಕಲಿಸಿದಳು. ಜಪಾನು ನಕಾಶೆಯಲ್ಲಿ ಎಲ್ಲಿದೆ ಎಂದು ತೋರಿಸಲಾರದ ನಾನು ಅಲ್ಲಿಯ ಮೂರನೆಯ ಹಾಡನ್ನು ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಅಡುಗೆಯಲ್ಲಿ ಉಪ್ಪೂ ಹದಕ್ಕೆ ಬಂತು. ಇದು ನನ್ನ ಕಲ್ಪನೆ ಇರಬಹುದು.

ಮುಂದಿನ ವರ್ಷ ಅಕ್ಕನ ಮದುವೆ ಗೊತ್ತಾಯಿತು. ಬ್ಯಾಡಗಿಯ ಮನೆತನ, ಮೆಣಸಿನಕಾಯಿ ವ್ಯಾಪಾರದವರು, ರೀತಿ ರಿವಾಜಿಗೆ ಭಾಳ ಕಟ್ಟುನಿಟ್ಟು ಎಂದು ಅವ್ವ ಅವರ ಹೆಸರು ಬಂದಾಗಲೆಲ್ಲ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಮದುವೆಗೆ ಎಂಟು ದಿನ ಇರುವಾಗ ಅಕ್ಕ ಹಟ ಹಿಡಿದಳು.

‘ಅರಿಶಿಣ ಹಚ್ಚೂ ದಿನ ನೀಲತ್ತಿ ಹಾಡಬೇಕು. ಇಲ್ಲಂದ್ರ ನಾ ಮಣಿ ಮ್ಯಾಲೆ ಕುಂದ್ರೂದಿಲ್ಲ.’

‘ಅಕಿ ಹೆಂಗ ಸೋಬಾನ ಹಾಡತಾಳ? ತಿಳದು ಮಾತಾಡು,’ ಎಂದಳು ಅವ್ವ. ‘ಬೀಗತಿ ಎದರಿಗೆ ಕುಂತಿರತಾಳ.’

‘ಎಂಟು ವರ್ಸಾತು, ಬಾಗಲದಾಗ ನಿಂತಾಳ. ನನ್ನ ಅರಿಶಿಣಕ್ಕೂ ಅಲ್ಲೇ ನಿಂದರಬೇಕೇನು?’

ಅವ್ವ ಅತ್ತಳು, ಅಕ್ಕನೂ ಅತ್ತಳು, ಅಪ್ಪ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದ. ನೀಲತ್ತಿ ಒಳಗೆ ಕೂತು ಶ್ಯಾವಿಗೆ ಮುರಿಯುತ್ತಿದ್ದಳು. ಕೊನೆಗೆ ತೀರ್ಪು ಆಯಿಯಿಂದ ಬಂತು.

‘ಸೋಬಾನ ಬ್ಯಾಡ. ಆ ಜಪಾನದ್ದು ಹಾಡಲಿ. ದೇವರ ಪದಕ್ಕ ಯಾರು ಬ್ಯಾಡ ಅಂತಾರ?’

ಆಯಿ ಮೊಂಡಿ, ಆದರೆ ಕೆಟ್ಟವಳಲ್ಲ ಎಂದು ನನಗೆ ಅನಿಸಿದ್ದು ಆಗ. ಕಾಯಿದೆಯನ್ನು ಮುರಿಯದೆ ಮಗಳನ್ನು ಹೊಸ್ತಿಲು ದಾಟಿಸಲು ಅವಳಿಗೂ ಒಂದು ಸಂದು ಬೇಕಾಗಿತ್ತೇನೋ.

ಅದೇ ವಾರದಲ್ಲಿ ಕಂಪನಿಯಿಂದ ಮತ್ತೊಬ್ಬ ಜಪಾನಿನವನು ಬಂದ. ವಯಸ್ಸಾದವನು, ಮೊದಲಿನವನಲ್ಲ. ಜೊತೆಗೆ ಮಾತು ತಿಳಿಸಿ ಹೇಳಲು ಬೆಂಗಳೂರಿನ ಹುಡುಗಿಯೊಬ್ಬಳು. ಕ್ಯಾಸೆಟ್ಟು ಹಿಂದಿರುಗಿಸಬೇಕು ಎನ್ನುವುದು ಅಪ್ಪನಿಗೆ ಮರೆತೇ ಹೋಗಿತ್ತು. ನೆನಪಿದ್ದರೂ ಜಗಲಿಯಿಂದ ತೆಗೆಯಲು ಯಾರು ಬಿಡುತ್ತಿದ್ದರು? ಊಟವಾದ ಮೇಲೆ ಆ ಹುಡುಗಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ನಾನು ಕ್ಯಾಸೆಟ್ಟನ್ನು ಲಂಗದ ಮರೆಯಲ್ಲಿ ತಂದು ತೋರಿಸಿದೆ. ನನ್ನ ಉದ್ದೇಶ ಒಳ್ಳೆಯದೇ ಇತ್ತು. ಇದು ಯಾವ ದೇವರ ಪದ ಎಂದು ತಿಳಿದರೆ ಅರಿಶಿಣದ ದಿನ ಬೀಗತಿ ಕೇಳಿದಾಗ ಜಂಬದಿಂದ ಹೇಳಬಹುದು ಎಂದುಕೊಂಡಿದ್ದೆ.

‘ದೇವರದ್ದಾ?’ ಎಂದು ಅವಳು ನಕ್ಕಳು. ‘ಇಲ್ಲ ಪುಟ್ಟಿ, ಇದು ರಾಕ್ ಹಾಡು. ಇವಳು ಅಲ್ಲಿ ತುಂಬಾ ಹೆಸರುವಾಸಿ. ಕಾಲೇಜು ಹುಡುಗರೆಲ್ಲ ಕೇಳ್ತಾರೆ.’

‘ಮೂರನೇದು?’ ಎಂದೆ.

ಅವಳು ಡಬ್ಬಿಯೊಳಗಿನ ಕಾಗದ ಬಿಡಿಸಿ ಓದಿದಳು, ಹುಬ್ಬು ಗಂಟಿಕ್ಕಿದಳು. ‘ಬಿಟ್ಟುಹೋದವನ ಮೇಲೆ ಹಾಡಿರೋದು ಅನ್ಸುತ್ತೆ. ನೀನು ಹೋದೆ, ಮನೇಲಿ ನಾನೊಬ್ಬಳೇ, ಇನ್ನು ಕಾಯೋದಿಲ್ಲ, ಹಾಗೇನೋ ಬರುತ್ತೆ. ನಂಗೂ ಪೂರ್ತಿ ಗೊತ್ತಾಗ್ತಿಲ್ಲ. ನಾನು ಕಲ್ತಿರೋದು ಆಫೀಸಿಗೆ ಬೇಕಾದಷ್ಟು ಜಪಾನಿ.’

ನಾನು ಕ್ಯಾಸೆಟ್ಟನ್ನು ಮತ್ತೆ ಲಂಗದ ಮರೆಯಲ್ಲಿ ಒಯ್ದು ಜಗಲಿಯ ಮೇಲೆ ಇಟ್ಟೆ. ಹನ್ನೊಂದು ವರ್ಷದವಳಿಗೆ ಅಪಶಕುನ ಎಂದರೆ ಸಾಮಾನ್ಯ ಮಾತಲ್ಲ. ಗಂಡ ಬಿಟ್ಟುಹೋದ ಹೆಂಗಸಿನ ಪದವನ್ನು, ಗಂಡ ತೀರಿಕೊಂಡ ಹೆಂಗಸು, ಮದುಮಗಳ ಮುಂದೆ ಹಾಡುವುದು. ಹೇಳದಿದ್ದರೆ ಅಕ್ಕನ ಬಾಳಿಗೆ ಕೇಡಾಗುತ್ತದೆ. ಹೇಳಿದರೆ ನೀಲತ್ತಿ ಮತ್ತೆ ಹೊಸ್ತಿಲಿನ ಒಳಗೆ. ಆಯಿಗೆ ಹೇಳಲೇ, ಅವ್ವನಿಗೆ ಹೇಳಲೇ, ಅಕ್ಕನಿಗೇ ಹೇಳಲೇ? ನಾಲ್ಕು ದಿನ ಊಟ ಸೇರಲಿಲ್ಲ. ಅಕ್ಕ ಹೋಗುತ್ತಾಳೆಂದು ಕೊರಗುತ್ತಿದ್ದಾಳೆ ಎಂದುಕೊಂಡು ಅವ್ವ ನನ್ನ ತಟ್ಟೆಗೆ ತುಪ್ಪ ಹೆಚ್ಚು ಹಾಕಿದಳು. ಇದ್ದದ್ದನ್ನು ಇದ್ದಂತೆ ಹೇಳಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಇದ್ದದ್ದು ಏನು ಎನ್ನುವುದೇ ಪೂರ್ತಿ ಗೊತ್ತಿಲ್ಲದಿದ್ದರೆ ಏನು ಹೇಳಬೇಕೆಂದು ಕಲಿಸಿರಲಿಲ್ಲ.

ಅರಿಶಿಣದ ದಿನ ಬೆಳಿಗ್ಗೆ ನೀಲತ್ತಿ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ಮೂರನೆಯ ಹಾಡನ್ನೇ ಗುನುಗುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ತಿರುಗಲಿಲ್ಲ.

‘ಮೂರನೇದೂ ಹಂಗೇನ?’

‘ಮೂರನೇದ, ನೀಲತ್ತಿ.’

‘ನಾ ಅದನ್ನ ಭಾಳ ಖುಷೀ ಪದ ಅಂತ ತಿಳಕೊಂಡಿದ್ನಲ್ಲ,’ ಎಂದಳು. ನಕ್ಕಳು. ಹೊಗೆಯಿಂದಲೋ ಏನೋ ಕಣ್ಣು ಒರೆಸಿಕೊಂಡಳು. ‘ಏಳು ವರ್ಸದ ಮ್ಯಾಲೆ ಬಾಯಿ ತಗದ್ನಿ. ಅದೂ ಅಳೂ ಪದಾನ ಆತೇನು?’

ನನಗೆ ಅಳು ಬಂತು. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು, ಕೈಯಲ್ಲಿ ಬೂದಿ ಇತ್ತು.

‘ಮತ್ಯಾರಿಗರ ಹೇಳೀ ಏನು?’

‘ಇಲ್ಲ.’

‘ಹೇಳಬ್ಯಾಡ. ಹೋಗು, ಅಕ್ಕಗ ಎಣ್ಣಿ ಹಚ್ಚತಾರ, ನೋಡು ಹೋಗು.’

ಹಾಡುತ್ತಾಳೋ ಇಲ್ಲವೋ ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಹೋದ ತಿಂಗಳು ಹಾವೇರಿಯ ನನ್ನ ಮನೆಯಲ್ಲಿ ಮಗಳು ಫೋನಿನಲ್ಲಿ ಆ ಹಾಡುಗಾರ್ತಿಯನ್ನು ಹುಡುಕಿ ತೆಗೆದಳು. ನಾನು ಗುನುಗಿದ್ದನ್ನು ಕೇಳಿಯೇ ಆ ಫೋನು ಹಾಡನ್ನು ಗುರುತಿಸಿತು. ನನ್ನ ಜಪಾನಿ ಇನ್ನೂ ಅಷ್ಟು ಗಟ್ಟಿ ಇದೆ. ಈಗ ಅವಳ ಕೂದಲು ಬೆಳ್ಳಗಾಗಿದೆ, ಗಿಟಾರು ಹಾಗೇ ಇದೆ. ಅವಳ ಹಾಡುಗಳಲ್ಲಿ ಜನ ಹೆಚ್ಚು ಕೇಳುವುದು ನಮ್ಮ ಮೂರನೆಯದನ್ನೇ ಅಂತೆ. ಅರ್ಥ ಏನು ನೋಡು ಎಂದೆ. ಫೋನು ಒಮ್ಮೆ, ‘ನಾನು ಹೊರಟೆ, ನಗುತ್ತ ಹೊರಟೆ, ಬಾಗಿಲು ತೆರೆದಿದೆ’ ಎಂದು ಹೇಳಿತು. ಇನ್ನೊಂದು ಕಡೆ ನೋಡಿದರೆ, ‘ಹೋಗಬೇಡ, ಮನೆ ಖಾಲಿ’ ಎಂದು ಬಂತು. ಬಿಟ್ಟುಹೋದವರು ಯಾರು, ಉಳಿದವರು ಯಾರು, ಅದು ನಗುವೋ ಅಳುವೋ, ನನಗೆ ಈಗಲೂ ಬಗೆಹರಿದಿಲ್ಲ. ಅಂದು ಬೆಳಿಗ್ಗೆ ನೀಲತ್ತಿಗೆ ನಾನು ಹೇಳಿದ್ದು ನಿಜವೇ ಅಲ್ಲದಿರಬಹುದು. ಅವಳು ಈಗಲೂ ರಾಣೆಬೆನ್ನೂರಿನಲ್ಲಿ ಅಪ್ಪನ ಮನೆಯಲ್ಲಿದ್ದಾಳೆ, ವಾರಕ್ಕೊಮ್ಮೆ ತಪ್ಪದೆ ಫೋನು ಮಾಡುತ್ತಾಳೆ. ನಾನು ಇದನ್ನು ಅವಳಿಗೆ ಹೇಳಿಲ್ಲ. ಒಂದು ಸಲ ಹೇಳಿ ಸಾಕಾಗಿದೆ.

ಆ ದಿನ ಪಡಸಾಲೆ ತುಂಬ ಹೆಂಗಸರು. ಅಕ್ಕ ಮಣೆಯ ಮೇಲೆ ಹಳೆಯ ಸೀರೆ ಉಟ್ಟು ಕೂತಿದ್ದಳು. ಬ್ಯಾಡಗಿಯ ಬೀಗತಿ, ಅಗಲ ಕುಂಕುಮದ ಗಂಭೀರ ಹೆಂಗಸು, ಅರಿಶಿಣದ ಬಟ್ಟಲು ಹಿಡಿದು ಎದುರಿಗೆ ಕೂತಿದ್ದಳು. ಓಣಿಯ ಮುತ್ತೈದೆಯರು ಎರಡು ಗುಂಪಾಗಿ ಒಂದು ಸೋಬಾನ ಹಾಡಿ ಮುಗಿಸಿದರು. ಅಕ್ಕ ತಲೆ ಎತ್ತಿ, ಮದುಮಗಳು ಎತ್ತಬಾರದಷ್ಟು ಎತ್ತಿ, ‘ಇನ್ನ ನೀಲತ್ತಿ’ ಎಂದಳು. ಗುಸುಗುಸು ಎದ್ದಿತು. ಮೂಲೆಯಲ್ಲಿ ಕೂತಿದ್ದ ಆಯಿ ಎಲ್ಲರಿಗೂ ಕೇಳುವಂತೆ, ‘ದೇವರ ಪದ ಹಾಡತಾಳ. ಹಾಡವಾ, ಆ ಜಪಾನದ್ದು ಹಾಡು’ ಎಂದಳು. ನೀಲತ್ತಿ ಬಾಗಿಲಲ್ಲಿ ನಿಂತಿದ್ದಳು. ಬಗ್ಗಿ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿದಳು, ದಾಟಿದಳು, ಅಕ್ಕನಿಂದ ಎರಡು ಮಾರು ದೂರದಲ್ಲಿ ಚಾಪೆಯ ಮೇಲೆ ಕೂತಳು. ನಾನು ಕಂಬ ಹಿಡಿದು ಆ ಡ್ರಮ್ಮಿನ ಏಟಿಗಾಗಿ ಕಾಯುತ್ತಿದ್ದವಳಂತೆ ನಿಂತಿದ್ದೆ.

ಅವಳು ಎತ್ತಿದ್ದು ಸೋಬಾನ ಪದ. ಮದುಮಗಳಿಗೆ ಅರಿಶಿಣ ಹಚ್ಚುವಾಗ ಹರಸುವ ಪದ, ನಮ್ಮದೇ, ಆ ಕೋಣೆಯ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿದ್ದ ಪದ. ಅಳುವ ಪದವನ್ನು ಅಕ್ಕನ ಮುಂದೆ ಹಾಡಲಾರದೆ ಹಾಡಬಾರದ್ದನ್ನು ಹಾಡಿದಳು ಎಂದು ನನಗೊಬ್ಬಳಿಗೇ ಗೊತ್ತಿತ್ತು. ಮೊದಲ ಸಾಲು ಮುಗಿಸಿ ನಿಲ್ಲಿಸಿದಳು. ಸೋಬಾನದಲ್ಲಿ ನಿಲ್ಲಿಸಲೇಬೇಕು, ಇನ್ನೊಂದು ಗುಂಪು ಅದನ್ನು ಹಿಂದೆ ಹೇಳಬೇಕು. ಯಾರೂ ಹೇಳಲಿಲ್ಲ. ಬೀಗತಿಯ ಕೈಯಲ್ಲಿ ಬಟ್ಟಲು ಹಾಗೇ ಇತ್ತು. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವ ನೆಲ ನೋಡಿದಳು. ಆಯಿ ತಲೆ ತಗ್ಗಿಸಿದ್ದಳು, ಅವಳ ತುಟಿ ಅಲ್ಲಾಡುತ್ತಿತ್ತೋ ಇಲ್ಲವೋ ನನಗೆ ಕಾಣಲಿಲ್ಲ. ಒಂದು ಸಾಲು ಹಿಂದೆ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೀಲತ್ತಿ ಕಾದಳು. ಆಮೇಲೆ ಆ ಸಾಲನ್ನು ತಾನೇ ಹಿಂದೆ ಹೇಳಿಕೊಂಡಳು. ಎರಡನೆಯ ಸಾಲು ಎತ್ತಿದಳು, ಕಾದಳು, ಅದನ್ನೂ ತಾನೇ ಹೇಳಿಕೊಂಡಳು. ಎರಡು ಗುಂಪೂ ಅವಳೊಬ್ಬಳೇ.

ಮೂರನೆಯ ಸಾಲಿಗೆ ನಾನು ಹೋಗಿ ಅವಳ ಎದುರಿಗೆ ಕೂತೆ. ಕೂತ ಮೇಲೆ ಗೊತ್ತಾಯಿತು, ನನಗೆ ಆ ಪದ ಬರುತ್ತಿರಲಿಲ್ಲ. ಹುಡುಗಿಯರು ಸೋಬಾನ ಕಲಿಯುವುದು ಮನೆಯ ಹೆಂಗಸರು ಹಾಡುವುದನ್ನು ಕೇಳಿ. ನಮ್ಮ ಮನೆಯಲ್ಲಿ ಕಲಿಸಬೇಕಾದವಳು ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಬರುತ್ತಿದ್ದದ್ದು ಜಪಾನಿನದು ಮಾತ್ರ. ಬಾಯಿ ತೆರೆದು ಸುಮ್ಮನೆ ಕೂತೆ, ಇಡೀ ಪಡಸಾಲೆ ನನ್ನನ್ನು ನೋಡುತ್ತಿತ್ತು. ಮಾಡುತ್ತಿರುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿರಲಿಲ್ಲ. ನೀಲತ್ತಿ ನನ್ನ ಮುಖ ನೋಡಿದಳು, ಅರ್ಥವಾಯಿತು ಅವಳಿಗೆ. ಎತ್ತಿದ ಸಾಲನ್ನು ಅಲ್ಲೇ ಬಿಟ್ಟು, ಮತ್ತೆ ಮೊದಲಿನಿಂದ, ಅರ್ಧ ಮಾಡಿ, ನಿಧಾನವಾಗಿ ಹಾಡಿದಳು. ನಾನು ಅಷ್ಟನ್ನು ಹೇಳಿದೆ. ಉಳಿದರ್ಧ ಹಾಡಿದಳು. ಅದನ್ನೂ ಹೇಳಿದೆ.